ನಮ್ಮ ಬೀದಿಯ ಗ್ಯಾರೇಜು ಮತ್ತು ಅದರ ಪರವಾನಗಿ

ನಮ್ಮ ಮನೆಯ ಎದುರಿನ ಗ್ಯಾರೇಜು ಒಂದೇ ದಿನದಲ್ಲಿ ಬಂದದ್ದಲ್ಲ. ಒಂಬತ್ತು ವರ್ಷಗಳ ಹಿಂದೆ ಮೂಲೆ ಕಟ್ಟಡದ ನೆಲಮಹಡಿಯಲ್ಲಿ ಹತ್ತಡಿ ಅಗಲದ ಮಳಿಗೆಯೊಂದನ್ನು ಬಾಡಿಗೆಗೆ ಹಿಡಿದು, ಒಂದು ಕಂಪ್ರೆಸರ್, ನೀರು ತುಂಬಿದ ಒಂದು ಟಬ್ಬು ಮತ್ತು ಹಳೆಯ ಟೈರುಗಳ ಒಂದು ಅಟ್ಟಿಯೊಂದಿಗೆ ಅದು ಪಂಕ್ಚರ್ ಅಂಗಡಿಯಾಗಿ ಶುರುವಾಯಿತು. ಮರುವರ್ಷ ಬೈಕು, ಸ್ಕೂಟರುಗಳ ಸರ್ವಿಸ್ ಸೇರಿಕೊಂಡಿತು. ಪಕ್ಕದ ಜೆರಾಕ್ಸ್ ಅಂಗಡಿ ಖಾಲಿಯಾದಾಗ ಆ ಮಳಿಗೆಯೂ ಇವರ ಪಾಲಾಗಿ ಅಲ್ಲಿ ವಾಟರ್ ವಾಶ್ ಬಂತು. ಕೋವಿಡ್ ಕಳೆದ ಮೇಲೆ ಕಾರುಗಳು ಬರತೊಡಗಿದವು. ಕಾರು ಬಂದ ಮೇಲೆ ನೆಗ್ಗಿದ ತಗಡನ್ನು ಬಡಿದು ಸರಿಮಾಡುವ ಟಿಂಕರಿಂಗ್ ಬಂತು, ಟಿಂಕರಿಂಗ್ ಬಂದಮೇಲೆ ಪೇಂಟಿಂಗ್ ಬಾರದಿರುವುದು ಸಾಧ್ಯವಿಲ್ಲ. ಕಟ್ಟಡದ ಹಿಂದೆ ಗಾಳಿ ಬೆಳಕಿಗೆಂದು ಬಿಟ್ಟಿದ್ದ ಜಾಗಕ್ಕೆ ನೀಲಿ ಟಾರ್ಪಾಲು ಕಟ್ಟಿ, ಅದರಡಿಯಲ್ಲಿ ಮೂರು ವರ್ಷ ಕಾರಿನ ಬಾಗಿಲು, ಬಂಪರು, ಬಾನೆಟ್ಟುಗಳಿಗೆ ಬಣ್ಣ ಹೊಡೆಯಲಾಗುತ್ತಿತ್ತು. ನಾವಿರುವುದು ಪಶ್ಚಿಮ ಬೆಂಗಳೂರಿನ ಒಂದು ಹಳೆಯ ಬಡಾವಣೆಯಲ್ಲಿ. ರಸ್ತೆ ಮೂವತ್ತಡಿ ಅಗಲ, ನಿವೇಶನಗಳೆಲ್ಲ ಮೂವತ್ತಕ್ಕೆ ನಲವತ್ತು. ಆ ಟಾರ್ಪಾಲಿಗೂ ನಮ್ಮ ತಾಯಿ ಮಲಗುವ ಕೋಣೆಯ ಕಿಟಕಿಗೂ ನಡುವೆ ಇರುವುದು ರಸ್ತೆಯ ಅಗಲ ಮತ್ತು ಒಂದು ಕಾಂಪೌಂಡು ಮಾತ್ರ.

ಈ ಒಂಬತ್ತು ವರ್ಷಗಳಲ್ಲಿ ಬದಲಾಗದೆ ಉಳಿದದ್ದು ಒಂದೇ, ಅದು ಗೋಡೆಗೆ ಕಟ್ಟು ಹಾಕಿಸಿ ನೇತುಹಾಕಿರುವ ಉದ್ದಿಮೆ ಪರವಾನಗಿ. ಅದರಲ್ಲಿ ಉದ್ದಿಮೆಯ ವಿವರ ಎಂಬಲ್ಲಿ "ದ್ವಿಚಕ್ರ ವಾಹನ ದುರಸ್ತಿ" ಎಂದಿದೆ. ವರ್ಷ ವರ್ಷ ಶುಲ್ಕ ಕಟ್ಟಿದ್ದಾರೆ, ವರ್ಷ ವರ್ಷ ನವೀಕರಣವಾಗಿದೆ, ಯಾವ ಸುಳ್ಳು ದಾಖಲೆಯನ್ನೂ ಯಾರೂ ಕೊಟ್ಟಿಲ್ಲ. ಪರವಾನಗಿ ಪಡೆದ ಕೆಲಸ ಒಂದಾಗಿ, ಅಂಗಳದಲ್ಲಿ ನಡೆಯುವ ಕೆಲಸಗಳು ಐದಾಗಿರುವುದನ್ನು ಕೇಳುವ ಹಂತವೇ ಆ ವ್ಯವಸ್ಥೆಯಲ್ಲಿ ಇರಲಿಲ್ಲ. ನಾನು ಬರೆಯಬೇಕೆಂದಿರುವುದು ಇದರ ಬಗ್ಗೆ. ವಸತಿ ಪ್ರದೇಶದಲ್ಲಿ ಗ್ಯಾರೇಜು ಇರಬೇಕೋ ಬೇಡವೋ ಎಂಬ ಚರ್ಚೆ ನಮ್ಮ ಬಡಾವಣೆಯ ನಿವಾಸಿಗಳ ಸಂಘದಲ್ಲಿ ಎಷ್ಟೋ ಸಲ ನಡೆದಿದೆ, ಆದರೆ ಗ್ಯಾರೇಜು ಎಂಬುದು ಒಂದು ಕೆಲಸವಲ್ಲ, ಹಲವು ಕೆಲಸಗಳಿಗೆ ಇಟ್ಟ ಒಂದೇ ಹೆಸರು ಎಂಬುದನ್ನು ಒಪ್ಪಿಕೊಳ್ಳುವವರೆಗೆ ಆ ಚರ್ಚೆ ಎಲ್ಲಿಗೂ ಮುಟ್ಟುವುದಿಲ್ಲ ಎಂದು ನನಗೆ ಅನಿಸಿದೆ.

ನಮಗೆ ತೊಂದರೆಯಾದದ್ದು ಪೇಂಟಿಂಗಿನಿಂದ. ಮೊದಲು ಅದು ಗಮನಕ್ಕೆ ಬಂದದ್ದು ತುಳಸಿ ಗಿಡದ ಮೇಲೆ. ಕಾರ್ತಿಕ ಮಾಸದಲ್ಲಿ ಒಂದು ಬೆಳಿಗ್ಗೆ ಅಮ್ಮ ಪೂಜೆಗೆಂದು ಹೋದವರು, ಎಲೆಗಳ ಮೇಲೆ ಬೂದಿ ಬಿದ್ದಿದೆ, ಒರೆಸಿದರೂ ಹೋಗುತ್ತಿಲ್ಲ ಎಂದು ನನ್ನನ್ನು ಕರೆದರು. ನಾನು ಉಗುರಿನಿಂದ ಕೆರೆದು ನೋಡಿದೆ. ಅದು ಬೂದಿಯಾಗಿರಲಿಲ್ಲ, ಕಾರಿಗೆ ಬಣ್ಣ ಹೊಡೆಯುವ ಮುನ್ನ ಹಾಕುವ ಬೂದು ಬಣ್ಣದ ಪ್ರೈಮರ್ ಹನಿಹನಿಯಾಗಿ ಬಂದು ಎಲೆಯ ಮೇಲೆ ಒಣಗಿ ಕೂತಿತ್ತು. ಅದೇ ಪದರ ಕಿಟಕಿಯ ಸೊಳ್ಳೆ ಪರದೆಯ ಮೇಲೂ, ರಾತ್ರಿ ಒಳಗೆ ತರಲು ಮರೆತಿದ್ದ ಬಿಳಿ ಪಂಚೆಯ ಮೇಲೂ ಇತ್ತು. ಅಮ್ಮನಿಗೆ ಎಪ್ಪತ್ತನಾಲ್ಕು ವರ್ಷ, ಹತ್ತು ವರ್ಷಗಳಿಂದ ದಮ್ಮು. ಆ ಚಳಿಗಾಲದಲ್ಲಿ ಅವರು ಎರಡು ಸಲ ಆಸ್ಪತ್ರೆಗೆ ದಾಖಲಾದರು. ಬಣ್ಣವೇ ಅದಕ್ಕೆ ಕಾರಣವೆಂದು ವೈದ್ಯರು ಬರೆದುಕೊಡಲಿಲ್ಲ, ನಾನೂ ಹಾಗೆ ಹೇಳಲಾರೆ. ಆದರೆ ಕಾರುಗಳಿಗೆ ಹೊಡೆಯುವ ಪಿಯು (ಪಾಲಿಯುರೆಥೇನ್) ಬಣ್ಣದಲ್ಲಿ ಗಟ್ಟಿಕಾರಕವಾಗಿ ಬೆರೆಸುವ ಐಸೋಸೈನೇಟ್ ಎಂಬ ರಾಸಾಯನಿಕ ವರ್ಗವು ಪೇಂಟರುಗಳಲ್ಲಿ ಆಸ್ತಮಾ ತರುತ್ತದೆ ಎಂಬುದು ಔದ್ಯೋಗಿಕ ಆರೋಗ್ಯದ ಕ್ಷೇತ್ರದಲ್ಲಿ ಬಹುಕಾಲದಿಂದ ಒಪ್ಪಿತವಾದ ವಿಷಯ. ಆದ್ದರಿಂದಲೇ ದೊಡ್ಡ ಕಾರ್ಯಾಗಾರಗಳಲ್ಲಿ ಬಣ್ಣ ಹೊಡೆಯಲು ಮುಚ್ಚಿದ ಬೂತು ಇರುತ್ತದೆ. ಮೇಲಿನಿಂದ ಬಂದ ಗಾಳಿ ಕೆಳಗಿನ ಫಿಲ್ಟರುಗಳ ಮೂಲಕವೇ ಹೊರಹೋಗುತ್ತದೆ. ಹೊಡೆಯುವವರು ಹೊರಗಿನ ಶುದ್ಧ ಗಾಳಿ ಕೊಳವೆಯಲ್ಲಿ ಬರುವ ಮುಖವಾಡ ತೊಟ್ಟಿರುತ್ತಾರೆ. ನಮ್ಮೆದುರು ಬಣ್ಣ ಹೊಡೆಯುತ್ತಿದ್ದ ಹುಡುಗ ಕರವಸ್ತ್ರವನ್ನು ಮೂಗಿಗೆ ಕಟ್ಟಿಕೊಂಡಿರುತ್ತಿದ್ದ. ನಮ್ಮ ಕಿಟಕಿಗೆ ಮುಟ್ಟುತ್ತಿದ್ದ ಗಾಳಿಯನ್ನು ಅವನು ಒಂದಡಿ ದೂರದಿಂದ, ಗಂಟೆಗಟ್ಟಲೆ ಉಸಿರಾಡುತ್ತಿದ್ದ.

ಬಣ್ಣ ಹೊಡೆಯುತ್ತಿದ್ದುದು ಹೆಚ್ಚಾಗಿ ರಾತ್ರಿ ಎಂಟೂವರೆಯ ಮೇಲೆ. ಇದು ಕದ್ದು ಮಾಡುವ ಕೆಲಸವೆಂದೇ ಬೀದಿಯವರೆಲ್ಲ ತಿಳಿದಿದ್ದರು. ಗ್ಯಾರೇಜಿನ ಯಜಮಾನರನ್ನು, ಅಂದರೆ ಕುಣಿಗಲ್ ಕಡೆಯಿಂದ ಹದಿನಾರನೆಯ ವಯಸ್ಸಿಗೆ ಬಂದು ಕಲಾಸಿಪಾಳ್ಯದಲ್ಲಿ ಕೆಲಸ ಕಲಿತು, ಈಗ ಬೀದಿಗೆಲ್ಲ ಮೇಸ್ತ್ರಿ ಎನಿಸಿಕೊಂಡಿರುವವರನ್ನು, ನಾನು ನೇರವಾಗಿ ಕೇಳಿದಾಗ ಗೊತ್ತಾದ ಕಾರಣ ಬೇರೆಯೇ ಆಗಿತ್ತು. "ಹಗಲೊತ್ತು ಗಾಡಿಗಳು ಓಡಾಡಿ ಧೂಳೇಳ್ತದೆ ಅಕ್ಕ. ಹಸಿ ಬಣ್ಣದ ಮೇಲೆ ಧೂಳು ಕೂತ್ರೆ ಇಡೀ ಡೋರು ಮತ್ತೆ ಉಜ್ಜಿ ಮೊದಲಿಂದ ಹೊಡೀಬೇಕು. ರಾತ್ರಿ ಆದ್ರೆ ಧೂಳು ಇಳಿದಿರ್ತದೆ" ಎಂದರು. ಬೂತು ಇಲ್ಲದವರಿಗೆ ರಾತ್ರಿಯೇ ಬೂತು. ಬೀದಿ ಶಾಂತವಾಗಿ, ಮನೆಗಳವರು ಕಿಟಕಿ ತೆರೆದಿಟ್ಟು ಮಲಗುವ ಹೊತ್ತೇ ಅವರ ಕೆಲಸಕ್ಕೆ ಹದವಾದ ಹೊತ್ತು. ಈ ಒಂದು ಮಾತು ತಿಳಿದ ಮೇಲೆ, ಸಮಯದ ನಿರ್ಬಂಧ ಹಾಕಿದರೆ ಸಾಕು ಎಂದು ನಾನು ಇಟ್ಟುಕೊಂಡಿದ್ದ ನಂಬಿಕೆ ಸಡಿಲವಾಯಿತು. ಎಂಟು ಗಂಟೆಗೆ ಬಾಗಿಲು ಹಾಕಿಸಿದರೆ ಅವರು ಮುಂಜಾನೆ ನಾಲ್ಕಕ್ಕೆ ಹೊಡೆಯುತ್ತಾರೆ. ತೆರೆದ ಟಾರ್ಪಾಲಿನಡಿ ಬಣ್ಣ ಹೊಡೆಯುವುದನ್ನು ವಸತಿ ಬೀದಿಯಲ್ಲಿ ಯಾವ ಹೊತ್ತಿನಲ್ಲೂ ಒಪ್ಪಲಾಗದು.

ಹಾಗಾದರೆ ದೂರನ್ನು ಯಾರಿಗೆ ಕೊಡಬೇಕು? ಇದಕ್ಕೆ ಉತ್ತರ ಹುಡುಕುವುದರಲ್ಲೇ ನನ್ನ ಒಂದು ವರ್ಷ ಕಳೆಯಿತು. ಉದ್ದಿಮೆ ಪರವಾನಗಿಯ ಬೇರು 1976ರ ಕರ್ನಾಟಕ ಪೌರನಿಗಮಗಳ ಕಾಯ್ದೆಯ 353ನೇ ಸೆಕ್ಷನ್ನಿನಲ್ಲಿದೆ. ಅಪಾಯ, ಗಲೀಜು ಅಥವಾ ನೆರೆಹೊರೆಗೆ ಉಪದ್ರವ ಉಂಟುಮಾಡಬಲ್ಲ ಕೆಲಸಗಳನ್ನು ಪಾಲಿಕೆಯ ಪರವಾನಗಿಯಿಲ್ಲದೆ ನಡೆಸಬಾರದು ಎಂಬುದು ಅದರ ತಿರುಳು, ಆದಕಾರಣವೇ ನಮ್ಮ ಊರಿನಲ್ಲಿ ಈ ಪರವಾನಗಿಯನ್ನು ಕೊಡುತ್ತಾ ಬಂದಿರುವುದು ಕಂದಾಯ ವಿಭಾಗವಲ್ಲ, ಆರೋಗ್ಯ ವಿಭಾಗ. ಬೆಂಗಳೂರಿಗೆಂದೇ ಪ್ರತ್ಯೇಕವಾಗಿ ಮಾಡಿದ ಬಿಬಿಎಂಪಿ ಕಾಯ್ದೆ 2021ರ ಜನವರಿಯಲ್ಲಿ ಜಾರಿಗೆ ಬಂತು; ಅದರ ಜಾಗಕ್ಕೆ ಗ್ರೇಟರ್ ಬೆಂಗಳೂರು ಆಡಳಿತ ಕಾಯ್ದೆ 2025ರ ಮೇ 15ರಂದು ಬಂತು; ಆ ಸೆಪ್ಟೆಂಬರಿನಲ್ಲಿ ಒಂದು ಮಹಾನಗರ ಪಾಲಿಕೆ ಐದಾಯಿತು. ಕಾಯ್ದೆಗಳ ಹೆಸರು ಬದಲಾದರೂ ಕೆಲಸ ಹಂಚಿಹೋಗಿರುವ ರೀತಿ ಬದಲಾಗಿಲ್ಲ. ಜಾಗದ ಬಳಕೆ ಏನಿರಬೇಕೆಂದು ಹೇಳುವುದು ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ರೂಪಿಸಿದ ಪರಿಷ್ಕೃತ ಮಹಾಯೋಜನೆ 2015 ಮತ್ತು ಅದರ ವಲಯ ನಿಯಮಾವಳಿ. ಹೊಗೆ ಮತ್ತು ಕೊಳೆನೀರಿನ ವಿಚಾರ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯದು. ಕುಡಿಯುವ ನೀರು ಮತ್ತು ಒಳಚರಂಡಿ ಜಲಮಂಡಳಿಯದು, ವಿದ್ಯುತ್ ಮೀಟರು ಬೆಸ್ಕಾಂನದು, ರಸ್ತೆಯಲ್ಲಿ ನಿಲ್ಲಿಸಿದ ಗಾಡಿ ಸಂಚಾರ ಪೊಲೀಸರದು. ಒಂದೇ ಅಂಗಳದ ಆರು ತುಂಡುಗಳನ್ನು ಆರು ಕಡೆಯವರು ನೋಡುತ್ತಾರೆ, ಇಡೀ ಅಂಗಳವನ್ನು ನೋಡುವವರು ಎದುರು ಮನೆಯವರು ಮಾತ್ರ.

ನಾನು ಮೊದಲು ಅರ್ಜಿ ಕೊಟ್ಟ ಕಚೇರಿಯಿಂದ ಇಬ್ಬರು ಬಂದು ನೋಡಿದರು, ಟಾರ್ಪಾಲು ಇಳಿಸಿ ಎಂದರು, ಎರಡು ದಿನ ಇಳಿಯಿತು, ಮೂರನೆಯ ದಿನ ಮತ್ತೆ ಏರಿತು. ಎರಡನೆಯ ಕಚೇರಿಯಲ್ಲಿ ಇದು ನಮ್ಮ ವ್ಯಾಪ್ತಿಯಲ್ಲ ಎಂದರು. ಮಾಹಿತಿ ಹಕ್ಕಿನ ಅಡಿಯಲ್ಲಿ ಕೇಳಿದ ಮೇಲೆ ಪರವಾನಗಿಯ ನಕಲು ಕೈಗೆ ಬಂತು. ಮೇಲೆ ಹೇಳಿದ "ದ್ವಿಚಕ್ರ ವಾಹನ ದುರಸ್ತಿ" ಎಂಬ ಎರಡು ಮೂರು ಪದಗಳನ್ನು ನಾನು ಮೊದಲ ಸಲ ಗಮನಿಸಿ ಓದಿದ್ದು ಅಲ್ಲಿ. ಅರ್ಜಿದಾರರು ಕೆಲಸ ಬದಲಾಯಿಸಿದರೆ ಏನು ಮಾಡಬೇಕೆಂದು ಮೇಸ್ತ್ರಿಗೆ ಯಾರೂ ಹೇಳಿರಲಿಲ್ಲ, ಅವರೂ ಕೇಳಿರಲಿಲ್ಲ.

ವಲಯ ನಿಯಮದ ಮಾತು ಬಂದಾಗಲೆಲ್ಲ ನಮ್ಮ ಊರಿನಲ್ಲಿ ವಾದ ನಲವತ್ತಡಿ ರಸ್ತೆಗೆ ಬಂದು ನಿಲ್ಲುತ್ತದೆ. ವಸತಿ ವಲಯದಲ್ಲಿ ವಾಣಿಜ್ಯ ಚಟುವಟಿಕೆ ನಡೆಯಬೇಕಾದರೆ ರಸ್ತೆಗೆ 40 ಅಡಿ ಅಗಲವಿರಬೇಕೆಂಬ ಮಾನದಂಡ ಹೈಕೋರ್ಟಿನವರೆಗೂ ಹೋಗಿ ಬಂದಿದೆ, ಅದರ ಹೆಸರಿನಲ್ಲಿ ಸಾವಿರಾರು ಅಂಗಡಿಗಳಿಗೆ ನೋಟಿಸು ಹೋದದ್ದನ್ನು ನಾವೆಲ್ಲ ನೋಡಿದ್ದೇವೆ. ರಸ್ತೆಯ ಅಗಲ ಒಳ್ಳೆಯ ಅಳತೆಯೇ, ಆದರೆ ಅದು ಗಾಡಿಗಳ ಓಡಾಟವನ್ನು ಅಳೆಯುವ ಅಳತೆ. ಐವತ್ತಡಿ ರಸ್ತೆಯ ಮೇಲಿದ್ದ ಮಾತ್ರಕ್ಕೆ ಥಿನ್ನರಿನ ಹಬೆ ಹಿಂಬದಿಯ ಮನೆಗೆ ಹೋಗುವುದನ್ನು ನಿಲ್ಲಿಸುವುದಿಲ್ಲ. ಇಪ್ಪತ್ತೈದಡಿ ರಸ್ತೆಯ ಪಂಕ್ಚರ್ ಅಂಗಡಿಯಿಂದ ಯಾರ ನಿದ್ದೆಯೂ ಕೆಡುವುದಿಲ್ಲ. ಅಳತೆಗೋಲು ತಪ್ಪಾದಾಗ ಶಿಕ್ಷೆಯೂ ತಪ್ಪು ಮಾಡದವರಿಗೆ ಬೀಳುತ್ತದೆ. ನೋಟಿಸು ಬಂದ ಕಾಲದಲ್ಲಿ ನಮ್ಮ ಹಿಂದಿನ ಬೀದಿಯಲ್ಲಿ ಮುಚ್ಚಿದ್ದು ಸೈಕಲ್ ರಿಪೇರಿ ಅಂಗಡಿ, ಮುಖ್ಯರಸ್ತೆಯ ದೊಡ್ಡ ವಾಟರ್ ಸರ್ವಿಸ್ ಮುಚ್ಚಲಿಲ್ಲ.

ಸದ್ದಿನ ವಿಷಯದಲ್ಲಿ ಕಾನೂನು ಇದಕ್ಕಿಂತ ಸ್ಪಷ್ಟವಾಗಿದೆ. 2000ರ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬೆಲ್, ರಾತ್ರಿ 45 ಡೆಸಿಬೆಲ್ ಮಿತಿ. ವಾಣಿಜ್ಯ ಪ್ರದೇಶದಲ್ಲಿ 65 ಮತ್ತು 55. ಹಗಲೆಂದರೆ ಬೆಳಿಗ್ಗೆ 6ರಿಂದ ರಾತ್ರಿ 10. ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತ 100 ಮೀಟರಿನೊಳಗೆ ಮಿತಿ ಇನ್ನೂ ಕಡಿಮೆ. ನಿಗದಿಗಿಂತ 10 ಡೆಸಿಬೆಲ್ ಅಥವಾ ಅದಕ್ಕೂ ಹೆಚ್ಚು ಮೀರಿದಾಗ ಯಾರು ಬೇಕಾದರೂ ದೂರು ಕೊಡಬಹುದು. ಹತ್ತು ಎಂಬುದು ಸಣ್ಣ ಸಂಖ್ಯೆಯಂತೆ ಕಂಡರೂ ಡೆಸಿಬೆಲ್ ಲೆಕ್ಕದಲ್ಲಿ ಹತ್ತು ಹೆಚ್ಚಾದರೆ ಶಬ್ದದ ಶಕ್ತಿ ಹತ್ತು ಪಟ್ಟು ಹೆಚ್ಚಿದಂತೆ. ಆದರೆ ಟಿಂಕರಿಂಗಿನ ಸದ್ದು ಗಿರಣಿಯ ಸದ್ದಿನಂತೆ ಒಂದೇ ಸಮನೆ ಇರುವುದಲ್ಲ. ಮೇಸ್ತ್ರಿ ನೆಗ್ಗಿದ ಮಡ್‌ಗಾರ್ಡಿನ ಒಳಗೆ ಕಬ್ಬಿಣದ ಡಾಲಿಯನ್ನು ಎಡಗೈಯಲ್ಲಿ ಒತ್ತಿ ಹಿಡಿದು, ಬಲಗೈಯ ಸುತ್ತಿಗೆಯಿಂದ ಹೊರಗಿನಿಂದ ನಾಲ್ಕೈದು ಪೆಟ್ಟು ಹಾಕುತ್ತಾರೆ, ನಿಲ್ಲಿಸುತ್ತಾರೆ, ಅಂಗೈಯನ್ನು ತಗಡಿನ ಮೇಲೆ ಆಡಿಸಿ ಎಲ್ಲಿ ಉಬ್ಬು ಉಳಿದಿದೆ ಎಂದು ನೋಡುತ್ತಾರೆ, ಮತ್ತೆ ಹೊಡೆಯುತ್ತಾರೆ. ಆ ಅಂಗೈಯ ತಿಳಿವಳಿಕೆ ದೊಡ್ಡದು, ಯಂತ್ರಕ್ಕೆ ಅಷ್ಟು ಸುಲಭವಾಗಿ ಸಿಗುವಂಥದ್ದಲ್ಲ ಎಂಬುದನ್ನು ನಾನು ಗೌರವದಿಂದಲೇ ಹೇಳುತ್ತೇನೆ. ಆದರೆ ಎದುರು ಕೋಣೆಯಲ್ಲಿ ಮಲಗಿದವರಿಗೆ ಆ ಮೌನದ ಎಣಿಕೆ ಸುತ್ತಿಗೆಯಷ್ಟೇ ಕಷ್ಟ, ಏಕೆಂದರೆ ಮುಂದಿನ ಪೆಟ್ಟು ಯಾವಾಗ ಎಂದು ತಿಳಿಯದು. ಗಂಟೆಗಟ್ಟಲೆಯ ಸರಾಸರಿ ತೆಗೆದರೆ ಈ ಪೆಟ್ಟುಗಳು ಮಿತಿಯೊಳಗೇ ಅಡಗಿಹೋಗಬಹುದು. ಹಾಗಾಗಿ ಸದ್ದಿಗೂ ಸರಾಸರಿಯ ಸಂಖ್ಯೆ ಸಾಲದು, ಟಿಂಕರಿಂಗ್ ಎಂಬ ಕೆಲಸವನ್ನೇ ಹೆಸರಿಸಿ ಎಲ್ಲಿ ನಡೆಯಬಹುದು ಎಂದು ಹೇಳಬೇಕಾಗುತ್ತದೆ.

ಎಲ್ಲರ ಕಣ್ಣಿಗೂ ಬೀಳದೆ ಹೋಗುವುದು ಎಂಜಿನ್ ಆಯಿಲ್. ಒಂದು ಬೈಕಿಗೆ ಸುಮಾರು ಒಂದು ಲೀಟರ್, ಸಣ್ಣ ಕಾರಿಗೆ ಮೂರರಿಂದ ನಾಲ್ಕು ಲೀಟರ್ ಆಯಿಲ್ ಹಿಡಿಯುತ್ತದೆ. ಬೆಂಗಳೂರಿನಲ್ಲಿ ನೋಂದಣಿಯಾದ ವಾಹನಗಳು ಒಂದು ಕೋಟಿ ದಾಟಿವೆ, ಅವುಗಳಲ್ಲಿ ಹೆಚ್ಚಿನವು ದ್ವಿಚಕ್ರ ವಾಹನಗಳು, ಅವುಗಳಲ್ಲಿ ಬಹಳಷ್ಟು ಇಂಥ ಬೀದಿಬದಿಯ ಗ್ಯಾರೇಜುಗಳಲ್ಲೇ ಆಯಿಲ್ ಬದಲಾಯಿಸಿಕೊಳ್ಳುತ್ತವೆ. ಇಳಿಸಿದ ಕರಿ ಆಯಿಲ್ ಎಲ್ಲಿಗೆ ಹೋಗುತ್ತದೆ? ಸ್ವಲ್ಪವನ್ನು ಸೆಂಟ್ರಿಂಗ್ ಕೆಲಸದವರು ಹಲಗೆ, ತಗಡುಗಳಿಗೆ ಬಳಿಯಲು ಕೊಂಡೊಯ್ಯುತ್ತಾರೆ. ಸ್ವಲ್ಪ ಗೆದ್ದಲು ಹಿಡಿಯದಿರಲೆಂದು ಮರದ ಕಂಬಗಳಿಗೆ ಹೋಗುತ್ತದೆ. ಡಬ್ಬ ಹಿಡಿದು ಬರುವ ಗುಜರಿಯವರಿಗೆ ಸ್ವಲ್ಪ. ಸೋರಿದ್ದು, ಚೆಲ್ಲಿದ್ದು, ಫಿಲ್ಟರಿನಲ್ಲಿ ಉಳಿದದ್ದು ಸಂಜೆ ಅಂಗಳ ತೊಳೆಯುವಾಗ ಮೋರಿಗೆ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳಲ್ಲಿ ಬಳಸಿದ ಎಣ್ಣೆಯನ್ನೂ ಎಣ್ಣೆ ಮೆತ್ತಿದ ತ್ಯಾಜ್ಯವನ್ನೂ ಅಪಾಯಕಾರಿ ತ್ಯಾಜ್ಯವೆಂದು ಹೆಸರಿಸಲಾಗಿದೆ. ಅದನ್ನು 90 ದಿನಗಳಿಗಿಂತ ಹೆಚ್ಚು ಕಾಲ ಇಟ್ಟುಕೊಳ್ಳಬಾರದು, ಅಧಿಕೃತ ಮರುಸಂಸ್ಕರಣೆಯವರಿಗೇ ಕೊಡಬೇಕು. 2024ರ ಏಪ್ರಿಲ್ 1ರಿಂದ ಆಯಿಲ್ ತಯಾರಕರೇ ಬಳಸಿದ ಎಣ್ಣೆಯ ಮರುಸಂಸ್ಕರಣೆಯ ಹೊಣೆಯನ್ನೂ ಹೊರಬೇಕೆಂಬ ವ್ಯವಸ್ಥೆ ಬಂದಿದೆ. ನಿಯಮ ಸರಿಯಾಗಿಯೇ ಇದೆ. ಆದರೆ ವಾರಕ್ಕೆ ಹದಿನೈದು ಲೀಟರ್ ಇಳಿಸುವ ಗ್ಯಾರೇಜಿನ ಬಾಗಿಲಿಗೆ ಅದು ಇನ್ನೂ ನಡೆದು ಬಂದಿಲ್ಲ.

ನಮ್ಮ ಬೀದಿಯ ಮೋರಿಯ ನೀರು ರಾಜಕಾಲುವೆಗೆ, ಅಲ್ಲಿಂದ ವೃಷಭಾವತಿಗೆ, ಬೈರಮಂಗಲ ಕೆರೆಗೆ, ಮುಂದೆ ಅರ್ಕಾವತಿಗೆ, ಸಂಗಮದಲ್ಲಿ ಕಾವೇರಿಗೆ ಸೇರುತ್ತದೆ. ಬೈರಮಂಗಲದ ಸುತ್ತಲಿನ ರೈತರು ಆ ನೀರನ್ನೇ ಗದ್ದೆಗೆ ಹಾಯಿಸುತ್ತಾ ಬಂದವರು. ಬೆಳ್ಳಂದೂರು ಕೆರೆಗೆ 2015ರಲ್ಲಿ, ಮತ್ತೆ 2017, 2018ರಲ್ಲಿ ಬೆಂಕಿ ಹೊತ್ತಿಕೊಂಡಾಗ ಇಡೀ ದೇಶ ನೋಡಿತು, ಎಲ್ಲರೂ ಕಾರ್ಖಾನೆಗಳ ಮತ್ತು ಒಳಚರಂಡಿಯ ಮಾತಾಡಿದರು. ಅದು ನಿಜವೇ ಇರಬಹುದು. ಆದರೆ ಸಂಜೆ ಆರೂವರೆಗೆ ನಮ್ಮ ಮೇಸ್ತ್ರಿಯ ಹುಡುಗ ಸೋಪಿನ ಪುಡಿ ಚೆಲ್ಲಿ, ಪೊರಕೆಯಿಂದ ಉಜ್ಜಿ, ಪೈಪಿನಲ್ಲಿ ನೀರು ಬಿಟ್ಟಾಗ ಮೋರಿಯ ಬಾಯಿಯಲ್ಲಿ ನವಿಲುಗರಿಯ ಬಣ್ಣದ ತೆಳು ಪೊರೆ ಸುತ್ತಿ ಸುತ್ತಿ ಒಳಗಿಳಿಯುವುದನ್ನು ನಾನು ದಿನವೂ ನೋಡುತ್ತೇನೆ, ಅದೂ ವೃಷಭಾವತಿಯ ಹಾದಿಯಲ್ಲೇ ಹೋಗುತ್ತದೆ.

ವಾಟರ್ ವಾಶ್ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. 2024ರ ಮಾರ್ಚಿನ ನೀರಿನ ಬರದಲ್ಲಿ ಜಲಮಂಡಳಿ ಕುಡಿಯುವ ನೀರಿನಿಂದ ವಾಹನ ತೊಳೆಯುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ವಿಧಿಸಿತು, 2025ರ ಫೆಬ್ರುವರಿಯಲ್ಲಿ ಅದೇ ಆದೇಶವನ್ನು ಮತ್ತೆ ಹೊರಡಿಸಿತು. ನೂರು ಕಿಲೋಮೀಟರ್ ದೂರದಿಂದ ಎತ್ತರಕ್ಕೆ ಪಂಪು ಮಾಡಿ ತಂದ ನೀರಿನ ವಿಷಯದಲ್ಲಿ ಈ ಕಟ್ಟುನಿಟ್ಟು ಸರಿಯಾದದ್ದು. ನಮ್ಮೆದುರಿನವರು ಬೋರ್‌ವೆಲ್ ಟ್ಯಾಂಕರ್ ತರಿಸುತ್ತಾರೆ, ಹಾಗಾಗಿ ಆದೇಶ ಅವರನ್ನು ಮುಟ್ಟಲಿಲ್ಲ. ಯಾವ ನೀರಿನಿಂದ ತೊಳೆಯುತ್ತಾರೆ ಎಂಬುದನ್ನು ಕೇಳಿದ ಹಾಗೆಯೇ ತೊಳೆದ ನೀರು ಎಲ್ಲಿಗೆ ಹೋಗುತ್ತದೆ ಎಂಬುದನ್ನೂ ಕೇಳಬೇಕಿತ್ತು.

ಈಗ ಮೇಸ್ತ್ರಿಯ ಪಕ್ಷವನ್ನೂ ಹೇಳಬೇಕು, ಇಲ್ಲದಿದ್ದರೆ ನಾನು ಬರೆದದ್ದು ಅರ್ಧವಾಗುತ್ತದೆ. ಅವರ ಬಳಿ ಏಳು ಜನ ಕೆಲಸ ಮಾಡುತ್ತಾರೆ. ನಮ್ಮ ಬೀದಿಯಲ್ಲಿ ಬೆಳಿಗ್ಗೆ ಸ್ಕೂಟರ್ ಸ್ಟಾರ್ಟ್ ಆಗದೆ ಪರೀಕ್ಷೆಗೆ ತಡವಾಗುತ್ತಿದ್ದ ಮಕ್ಕಳಿಗೆ, ಊಟದ ಪೊಟ್ಟಣ ಹೊತ್ತು ಓಡಾಡುವ ಹುಡುಗರಿಗೆ, ಆಟೋ ಚಾಲಕರಿಗೆ ಅವರು ಒಂದು ಕೂಗಿನ ದೂರದಲ್ಲಿದ್ದಾರೆ. "ಹೋಗು ಅಂದ್ರೆ ಎಲ್ಲಿಗೆ ಹೋಗ್ಲಿ ಅಕ್ಕ? ಪೀಣ್ಯದಲ್ಲಿ ಶೆಡ್ಡು ಕೇಳ್ದೆ, ಅಡ್ವಾನ್ಸೇ ಹತ್ತು ಲಕ್ಷ ಅಂದ್ರು. ಅಲ್ಲಿಗೆ ನನ್ನ ಗಿರಾಕಿ ಯಾರು ಬರ್ತಾರೆ?" ಎಂದು ಅವರು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ಈ ಕಡೆ ಇಂಥ ಕೆಲಸಗಳಿಗೆ ಒಂದು ಕಾಲಕ್ಕೆ ಜಾಗವಿತ್ತು. ರಾಜಾಜಿನಗರದ ಕೈಗಾರಿಕಾ ಪ್ರದೇಶವನ್ನು ಕಾರ್ಖಾನೆಗಳಿಗೆಂದೇ ಮೀಸಲಿಟ್ಟಿದ್ದರು. ಅಲ್ಲಿ ಲೇತು, ವೆಲ್ಡಿಂಗ್ ಶೆಡ್ಡುಗಳಿದ್ದ ಜಾಗಗಳಲ್ಲಿ ಈಗ ಅಪಾರ್ಟ್‌ಮೆಂಟುಗಳು, ಮಾಲುಗಳು ನಿಂತಿವೆ. ಬಿನ್ನಿ ಮಿಲ್ಲಿನ ಜಮೀನಿನಲ್ಲೂ ಅದೇ ಆಯಿತು. ಕೈಗಾರಿಕೆಯ ಜಾಗಕ್ಕೆ ಮನೆಗಳು ಬಂದವು, ಕೈಗಾರಿಕೆಯ ಕೆಲಸ ಮನೆಗಳ ನಡುವೆ ಬಂತು. ಬಿಡಿಭಾಗಗಳ ವ್ಯಾಪಾರಕ್ಕೆ ಜೆ.ಸಿ. ರಸ್ತೆ, ಕಲಾಸಿಪಾಳ್ಯ, ಶಿವಾಜಿನಗರಗಳು ಹೇಗೋ ತಮ್ಮಷ್ಟಕ್ಕೆ ಬೆಳೆದು ನಿಂತವು, ಆದರೆ ದುರಸ್ತಿಯ ಕೆಲಸಕ್ಕೆ ಬೆಂಗಳೂರು ಯೋಜನೆ ಮಾಡಿ ಜಾಗ ಕೊಡಲಿಲ್ಲ. ವಿಜಯವಾಡದಲ್ಲಿ ಆಟೋನಗರ ಎಂಬ ಇಡೀ ಪ್ರದೇಶವನ್ನೇ ಲಾರಿ ಬಾಡಿ ಕಟ್ಟುವವರಿಗೆ, ಮೆಕ್ಯಾನಿಕ್‌ಗಳಿಗೆ ಮಾಡಿಕೊಟ್ಟು ಅರ್ಧ ಶತಮಾನಕ್ಕೂ ಹೆಚ್ಚು ಕಾಲವಾಗಿದೆ. ಬೀದಿ ವ್ಯಾಪಾರಿಗಳಿಗೆ 2014ರಲ್ಲಿ ಕೇಂದ್ರ ಕಾಯ್ದೆಯೊಂದು ಬಂದು, ಸಮೀಕ್ಷೆ ಮಾಡದೆ, ವ್ಯಾಪಾರದ ಪ್ರಮಾಣಪತ್ರ ಕೊಡದೆ ಎಬ್ಬಿಸಬಾರದು ಎಂದಿತು. ಸಣ್ಣ ಗ್ಯಾರೇಜಿನವರಿಗೆ ಅಂಥ ಹೆಸರೂ ಇಲ್ಲ, ಸಮಿತಿಯೂ ಇಲ್ಲ.

ಇನ್ನೊಬ್ಬರ ಹೊಣೆಯೂ ಇದರಲ್ಲಿದೆ, ಅವರು ಕಟ್ಟಡದ ಮಾಲೀಕರು. ನಮ್ಮ ಸಂಘದ ಸಭೆಯಲ್ಲಿ ಗ್ಯಾರೇಜಿನ ವಿರುದ್ಧ ಜೋರಾಗಿ ಮಾತಾಡಿದವರಲ್ಲಿ ಇಬ್ಬರು ತಮ್ಮ ಮನೆಯ ಪಾರ್ಕಿಂಗ್ ಜಾಗವನ್ನೇ ಮಳಿಗೆಯಾಗಿ ಕಟ್ಟಿಸಿ ಬಾಡಿಗೆಗೆ ಕೊಟ್ಟಿದ್ದಾರೆ. ಮನೆಯ ನಕ್ಷೆಯಲ್ಲಿ ಕಾರು ನಿಲ್ಲಬೇಕಾದ ಜಾಗ ಅಂಗಡಿಯಾದರೆ ಕಾರು ರಸ್ತೆಗೆ ಬರುತ್ತದೆ, ಅಂಗಡಿಯ ಗಾಡಿಗಳು ಪಾದಚಾರಿ ಮಾರ್ಗಕ್ಕೆ ಬರುತ್ತವೆ, ನಡೆಯುವವರು ರಸ್ತೆಯ ನಡುವಿಗೆ ಬರುತ್ತಾರೆ. ಅಡ್ಡಿಯಿಲ್ಲದ ಪಾದಚಾರಿ ಮಾರ್ಗ ಸಂವಿಧಾನದ 21ನೇ ವಿಧಿಯಡಿ ನಾಗರಿಕರ ಹಕ್ಕೆಂದು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಹೇಳಿದೆ. ನಮ್ಮ ತಾಯಿ ದೇವಸ್ಥಾನಕ್ಕೆ ಹೋಗುವಾಗ ಬಿಚ್ಚಿಟ್ಟ ಎರಡು ಎಂಜಿನ್, ಚಕ್ರವಿಲ್ಲದ ಒಂದು ಓಮ್ನಿ ವ್ಯಾನನ್ನು ಸುತ್ತುಹಾಕಿ ರಸ್ತೆಗಿಳಿಯಬೇಕು. ದಂಡ ಹಾಕುವುದಾದರೆ ಬಾಡಿಗೆ ತೆಗೆದುಕೊಳ್ಳುವವರ ಆಸ್ತಿ ತೆರಿಗೆಯ ಖಾತೆಗೂ ಅದು ಹೋಗಬೇಕು.

ನನ್ನ ಅಭಿಪ್ರಾಯ ಇಷ್ಟು. ಪರವಾನಗಿಯನ್ನು ಗ್ಯಾರೇಜು ಎಂಬ ಹೆಸರಿಗೆ ಕೊಡುವುದನ್ನು ಬಿಟ್ಟು ಕೆಲಸಕ್ಕೆ ಕೊಡಬೇಕು. ಪಂಕ್ಚರ್, ಚೈನು, ಬ್ರೇಕು, ಬಲ್ಬು, ಬ್ಯಾಟರಿ ಬದಲಾವಣೆಯಂಥ ಕೆಲಸಗಳು ಯಾವ ಬೀದಿಯಲ್ಲಾದರೂ ಹಗಲು ಹೊತ್ತು ನಡೆಯಲಿ, ಅವುಗಳಿಗೆ ಶುಲ್ಕವೂ ಕಡಿಮೆ ಇರಲಿ. ಆಯಿಲ್ ಬದಲಾವಣೆ ಮತ್ತು ವಾಟರ್ ವಾಶ್ ನಡೆಸುವವರು ಎಣ್ಣೆ ತಡೆಯುವ ಗುಂಡಿ ಕಟ್ಟಿಸಿರಬೇಕು, ನವೀಕರಣದ ಸಮಯದಲ್ಲಿ ಬಳಸಿದ ಎಣ್ಣೆ ಕೊಟ್ಟ ರಸೀದಿಗಳನ್ನು ತೋರಿಸಬೇಕು. ಟಿಂಕರಿಂಗ್ ಮತ್ತು ಪೇಂಟಿಂಗ್ ಮನೆಗಳ ನಡುವಿನಿಂದ ಹೊರಹೋಗಲೇಬೇಕು, ಆದರೆ ಹೋಗುವ ಜಾಗವನ್ನು ಮೊದಲು ಮಾಡಿಕೊಟ್ಟು. ಐದು ಪಾಲಿಕೆಗಳೂ ತಮ್ಮ ವ್ಯಾಪ್ತಿಯಲ್ಲಿ ಎರಡು ಮೂರು ಕಡೆ ಗಂಟೆಯ ಬಾಡಿಗೆಗೆ ಸಿಗುವ ಸಾಮೂಹಿಕ ಪೇಂಟ್ ಬೂತುಗಳನ್ನು ಕಟ್ಟಿದರೆ, ಗಿರಾಕಿ ಮೇಸ್ತ್ರಿಯ ಬಳಿಯೇ ಉಳಿಯುತ್ತಾನೆ, ಬಾಗಿಲು ಮಾತ್ರ ಅಲ್ಲಿಗೆ ಹೋಗಿ ಬಣ್ಣವಾಗಿ ಬರುತ್ತದೆ. ವಾಹನಗಳ ಸರ್ವಿಸ್, ದುರಸ್ತಿ, ಪೇಂಟಿಂಗನ್ನು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ 2016ರ ವರ್ಗೀಕರಣ ಒಂದೇ ಸಾಲಿನಲ್ಲಿ ಕಿತ್ತಳೆ ವರ್ಗಕ್ಕೆ, ಅಂದರೆ ಮಧ್ಯಮ ಮಾಲಿನ್ಯದ ಉದ್ದಿಮೆಗಳ ಗುಂಪಿಗೆ, ಸೇರಿಸಿತ್ತು. ಮೂರನ್ನೂ ಒಂದೇ ಬುಟ್ಟಿಗೆ ಹಾಕಿದರೆ, ನಿಯಮ ಪಾಲಿಸಲಾಗದ ಪಂಕ್ಚರಿನವರೂ ಪಾಲಿಸಲು ಮನಸ್ಸಿಲ್ಲದ ದೊಡ್ಡವರೂ ಒಂದೇ ಲೆಕ್ಕಕ್ಕೆ ಬರುತ್ತಾರೆ.

ಕಳೆದ ಮಾರ್ಚಿನಲ್ಲಿ ನವೀಕರಣಕ್ಕೆ ಮುನ್ನ ನಾನು ಈ ಮಾತುಗಳನ್ನೆಲ್ಲ ಎರಡು ಪುಟದಲ್ಲಿ ಬರೆದು ಕೊಟ್ಟೆ, ಒಂದು ಪ್ರತಿಯನ್ನು ಮೇಸ್ತ್ರಿಗೂ ಕೊಟ್ಟೆ. ಕಚೇರಿಯಿಂದ ಉತ್ತರ ಬಂದಿಲ್ಲ. ಮೇಸ್ತ್ರಿ ಮಾತ್ರ ಅದನ್ನು ಮಗಳ ಕೈಲಿ ಓದಿಸಿಕೊಂಡರು. ಬಣ್ಣದ ಕೆಲಸವನ್ನು ಈಗ ಅವರು ಮಾಗಡಿ ರಸ್ತೆಯಾಚೆ ಬೂತು ಇರುವ ಪರಿಚಯದವರ ಬಳಿ ಮಾಡಿಸುತ್ತಾರೆ. ಒಂದು ಬಾಗಿಲಿಗೆ ಸಿಗುತ್ತಿದ್ದ ಲಾಭದಲ್ಲಿ ಸುಮಾರು ಅರ್ಧ ಅಲ್ಲಿಗೆ ಹೋಗುತ್ತದೆಂದು ಅವರೇ ಹೇಳಿದರು. ಟಿಂಕರಿಂಗ್ ಇನ್ನೂ ಇಲ್ಲೇ ನಡೆಯುತ್ತಿದೆ, ಸಂಜೆ ಆರಕ್ಕೆ ನಿಲ್ಲುತ್ತದೆ.

ವಾಶಿಂಗ್ ಜಾಗದ ಕೆಳಗೆ ಅವರು ಮೂರು ಅಂಕಣದ ಗುಂಡಿ ಕಟ್ಟಿಸಿದ್ದಾರೆ. ಮೊದಲನೆಯದರಲ್ಲಿ ಕೆಸರು ತಳಕ್ಕಿಳಿಯುತ್ತದೆ, ಎರಡನೆಯದರಲ್ಲಿ ಎಣ್ಣೆ ಮೇಲೆ ತೇಲುತ್ತದೆ, ಗೋಡೆಯ ಬುಡದಲ್ಲಿ ಬಿಟ್ಟಿರುವ ಕಂಡಿಯಿಂದ ಕೆಳಗಿನ ನೀರು ಮಾತ್ರ ಮೂರನೆಯದಕ್ಕೆ ಹೋಗಿ ಅಲ್ಲಿಂದ ಹೊರಬೀಳುತ್ತದೆ. ಹೋದ ಭಾನುವಾರ ಅವರು ಮುಚ್ಚಳ ಎತ್ತಿ ತೋರಿಸಿದರು. ನಡುವಿನ ಅಂಕಣದಲ್ಲಿ ಒಂದು ಬೆರಳು ದಪ್ಪ ಕರಿ ಎಣ್ಣೆ ನಿಂತಿತ್ತು. "ಇದನ್ನ ಯಾರು ತಗೊಂಡೋಗ್ತಾರೆ ಅಕ್ಕ?" ಎಂದು ಕೇಳಿದರು. ಅಧಿಕೃತ ಸಂಗ್ರಹದವರಿಗೆ ನಾನು ಫೋನು ಮಾಡಿದಾಗ, ಇನ್ನೂರು ಲೀಟರಿನ ಒಂದು ಡ್ರಮ್ ಪೂರ್ತಿ ತುಂಬಿದ್ದರೆ ಮಾತ್ರ ಗಾಡಿ ಕಳಿಸುತ್ತೇವೆ ಎಂದರು. ಆ ನಂತರ ಮೇಸ್ತ್ರಿ ಸುತ್ತಲಿನ ಮೂರು ಗ್ಯಾರೇಜಿನವರೊಂದಿಗೆ ಮಾತಾಡಿ, ಎಲ್ಲರೂ ಇಳಿಸಿದ ಆಯಿಲನ್ನು ಒಂದೇ ಕಡೆ ತುಂಬಿಸಲು ಒಪ್ಪಿಸಿದ್ದಾರೆ. ನೀಲಿ ಡ್ರಮ್ಮು ಮೂಲೆ ಕಟ್ಟಡದ ಮೆಟ್ಟಿಲ ಕೆಳಗಿದೆ, ಮೇಲೆ ಸೀಮೆಸುಣ್ಣದಲ್ಲಿ ಮೊದಲ ಲೀಟರ್ ಸುರಿದ ದಿನಾಂಕವನ್ನು ಬರೆದಿದ್ದಾರೆ. ತುಂಬಲು ಇನ್ನೂ ಒಂದು ಗೇಣು ಬಾಕಿಯಿದೆ.